ಖಮೀಸನ ಐದನೆಯ ಗೇರು

ಸೊಹಾರಿನ ಗ್ಯಾರೇಜು ಬೀದಿಯ ಹಿಂದೆ,
ಸ್ಕ್ರ್ಯಾಪ್ ಅಂಗಳದ ತಗಡಿನ ನೆರಳಲ್ಲಿ
ಎಂಜಿನ್‌ಗಳನ್ನು ರಾಶಿ ಹಾಕಿದ್ದಾರೆ,
ಗಂಗೊಳ್ಳಿ ಬಂದರಿನ ಏಲಂಕಟ್ಟೆಯಲ್ಲಿ ಅಂಜಲ್ ಸುರಿದ ಹಾಗೆ.
ಒಂದೊಂದರ ಕಿವಿರೆತ್ತಿ ನೋಡುತ್ತೇನೆ:
ಆಯಿಲ್ ಮುಚ್ಚಳ ಬಿಚ್ಚಿ, ಬೆರಳಿಳಿಸಿ.
ಕೆನೆ ಕಟ್ಟಿದೆಯೇ, ಬೇಡ.
ಸುಟ್ಟ ವಾಸನೆಯೇ, ಅದೂ ಬೇಡ.
ಫ್ಲೈವೀಲನ್ನು ಕೈಯಲ್ಲೇ ತಿರುಗಿಸುತ್ತೇನೆ,
ಸ್ಕ್ರೂಡ್ರೈವರಿನ ಹಿಡಿಗೆ ಕಿವಿ ಕೊಟ್ಟು.

ಪಿಕಪ್ ಹೊರಗೆ ಬಿಸಿಲಲ್ಲಿದೆ, ಹಗ್ಗ ಕಟ್ಟಿ ಎಳೆದು ತಂದದ್ದು,
ಸಹಂ ದಂಡೆಯಿಂದ, ಎಂಬತ್ತಾರರ ಮಾಡೆಲ್.
ಉಪ್ಪು ತಿಂದದ್ದು ಬಾಗಿಲು,
ನೀರು ಕುಡಿದದ್ದು ಮಾತ್ರ ಎಂಜಿನ್.

ಅಳಿಯ ಹಿಲಾಲ್ ಹೇಳುತ್ತಾನೆ, ಆರು ಸಿಲಿಂಡರಿನದು ಹಾಕು ಉಸ್ತಾದ್,
ಆಟೋಮ್ಯಾಟಿಕ್ ಹಾಕು, ಮರಳುದಿಬ್ಬ ಹಾರಬೇಕು.
ಮೊಬೈಲಿನಲ್ಲಿ ಹಾರುವುದನ್ನೇ ತೋರಿಸುತ್ತಾನೆ.
ನಾನು ಬಾನೆಟ್ಟಿನೊಳಗೆ ಗೇಣು ಹಾಕುತ್ತೇನೆ:
ಮೂರು ಗೇಣು, ಮೇಲೆ ನಾಲ್ಕು ಬೆರಳು.
ಆರು ಸಿಲಿಂಡರು ಕೂತರೆ ರೇಡಿಯೇಟರು ಎದ್ದು ಹೋಗಬೇಕು.
ಹಿಲಾಲನಿಗೆ ಗೇಣು ಅರ್ಥವಾಗುವುದಿಲ್ಲ.

ಖಮೀಸ್ ಮೀನಿನ ಕ್ರೇಟು ಬೋರಲು ಹಾಕಿ ಕೂತಿದ್ದಾನೆ.
ಎಷ್ಟು ಕುದುರೆಯ ಶಕ್ತಿ, ಎಷ್ಟು ಓಡಿದ್ದು, ಕೇಳಲಿಲ್ಲ.
ಕೇಳಿದ್ದು ಒಂದೇ:
ಹಿಂದಕ್ಕೆ ಹೋಗುತ್ತದಾ?

ಹಿಂದಕ್ಕೆ, ಅಂದರೆ ಕಡಲಿಗೆ.
ಟ್ರೈಲರಿನಲ್ಲಿ ದೋಣಿ, ನಸುಕಿನಲ್ಲಿ,
ಕ್ಲಚ್ಚು ಅರ್ಧ ಬಿಟ್ಟು ಅರ್ಧ ಹಿಡಿದು
ಗಾಲಿಯ ನಟ್ಟು ಮುಳುಗುವವರೆಗೆ. ಅಲ್ಲಿ ನಿಲ್ಲಬೇಕು.
ಒಂದು ಮೊಳ ಹೆಚ್ಚಾದರೆ ಪಿಕಪ್ಪೂ ಮೀನಿಗೆ ಹೋಗುತ್ತದೆ.
ಆ ಒಂದು ಮೊಳ ಅವನ ಎಡಗಾಲಿಗೆ ಗೊತ್ತು,
ಆಟೋಮ್ಯಾಟಿಕ್ಕಿಗೆ ಯಾರು ಹೇಳಿಕೊಡುತ್ತಾರೆ?

ಕಡೆಗೆ ಸಿಕ್ಕಿದ್ದು ಎರಡೂಕಾಲು ಲೀಟರಿನ ಡೀಸೆಲ್ಲು,
ಜಪಾನಿನಿಂದ ಕಂಟೇನರಿನಲ್ಲಿ ಬಂದದ್ದು.
ತಂತಿಯಲ್ಲಿ ಕಟ್ಟಿದ ಚೀಟಿಯ ಮೇಲೆ ಯಾರೋ ಏನೋ ಬರೆದಿದ್ದಾರೆ.
ನಾನು ಓದಲಾರೆ, ಖಮೀಸ್ ಓದಲಾರ,
ವೆಲ್ಡಿಂಗಿನ ಗುಲ್ ನವಾಜ್ ತಲೆಕೆಳಗು ಹಿಡಿದು
"ಒಳ್ಳೆಯದು ಅಂತ ಬರೆದಿದೆ" ಅಂದ.
ಗೇರುಬಾಕ್ಸಿನ ಹಲ್ಲು ಎಣಿಸಿದೆ: ಇಪ್ಪತ್ತೊಂದು. ಕೂರುತ್ತದೆ.
ಆದರೆ ನಾಲ್ಕು ಗೇರಿನದಲ್ಲ, ಐದರದ್ದು.
ಖಮೀಸ್ ಕೈ ಬೀಸಿದ:
ದಂಡೆಗೂ ಮನೆಗೂ ನಡುವೆ ಐದನೆಯದಕ್ಕೆ ಜಾಗವೆಲ್ಲಿದೆ?

ಹನ್ನೊಂದು ದಿನ.
ಕ್ರಾಸ್‌ಮೆಂಬರು ಕೊಯ್ದು ಹಿಂದಕ್ಕೆ ಸರಿಸಿ,
ಪ್ರೊಪೆಲ್ಲರ್ ಶಾಫ್ಟು ಎರಡಿಂಚು ಗಿಡ್ಡ ಮಾಡಿ.
ಗೇರಿನ ಗುಂಡು ಮಾತ್ರ ಹಳೆಯದೇ ಬೇಕೆಂದ.
ಅಂಗೈ ತಿಕ್ಕಿ ತಿಕ್ಕಿ ಅಂಕಿಯೇ ಉಳಿದಿಲ್ಲ ಅದರ ಮೇಲೆ,
ನೇರಳೆ ಬೀಜದಷ್ಟು ನುಣುಪು.

ಸಹಮಿನಲ್ಲಿ ಮೊದಲ ನಸುಕು. ಹಿಂದೆ ದೋಣಿ, ಅದರ ಹಿಂದೆ ಕಡಲು.
ಖಮೀಸನ ಕೈ ಹೋಯಿತು ಮೂವತ್ತು ವರ್ಷ ಹೋದಲ್ಲಿಗೆ,
ಎಡಕ್ಕೊತ್ತಿ ಮುಂದಕ್ಕೆ. ಹಳೆಯದರಲ್ಲಿ ಅದು ರಿವರ್ಸು.
ಇದರಲ್ಲಿ ಅದು ಒಂದು.
ಪಿಕಪ್ ಹಾರಿತು, ಮುಂದಕ್ಕೆ, ಖರ್ಜೂರದ ಬೇಲಿಗೆ,
ದೋಣಿಯನ್ನು ಎಳೆದುಕೊಂಡು, ಕಡಲಿಗೆ ಬೆನ್ನು ಹಾಕಿ.
ಹಿಲಾಲ್ ಬಿದ್ದು ಬಿದ್ದು ನಕ್ಕ.
ಖಮೀಸ್ ನಗಲಿಲ್ಲ. ಸ್ಟೀರಿಂಗನ್ನೇ ನೋಡಿದ,
ಅದು ಬೇರೆ ಯಾರದೋ ಎಂಬಂತೆ.

ಅವನ ಕೈ ಮೇಲೆ ಕೈ ಇಟ್ಟೆ:
ಬಲಕ್ಕೆ. ಕೆಳಕ್ಕೆ. ಐದರ ಕೆಳಗೆ.

ಆಮೇಲೆ ಮೊಳೆಯಿಂದ ಗುಂಡಿನ ಮೇಲೆ ಕೆತ್ತಿದೆ,
ಅವನ ಅಂಕಿಗಳಲ್ಲಿ. ಐದಕ್ಕೆ ಒಂದು ಉರುಟು.
ಇದು ನಮ್ಮ ಕಡೆ ಸೊನ್ನೆ, ಅಂದೆ,
ಬಂದ ಹೊಸತರಲ್ಲಿ ನಂಬರು ಪ್ಲೇಟೆಲ್ಲ ತಪ್ಪು ಓದುತ್ತಿದ್ದೆ.
ಆಗ ನಕ್ಕ:
ನನ್ನ ಹೆಸರೇ ಐದರಿಂದ ಬಂದದ್ದು. ಖಮೀಸ್, ವಾರದ ಐದನೆಯ ದಿನ.
ನಿಮ್ಮೂರಲ್ಲಿ ನಾನು ಸೊನ್ನೆಯೋ?

ಉಳಿದ ಹದಿನೆಂಟು ರಿಯಾಲಿಗೆ ಒಂದು ಅಂಜಲ್ ಕೊಟ್ಟ,
ಬಾಲ ಬಕೆಟ್ಟಿನಾಚೆ.
ಈಗಲೂ ಅವನ ಕೈ ಮೊದಲು ಎಡಕ್ಕೇ ಹೋಗುತ್ತದೆ.
ಅಲ್ಲಿ ತುಸು ನಿಂತು, ತಾನೇ ತಿರುಗಿ ಬರುತ್ತದೆ.
ಪಕ್ಕದಲ್ಲಿ ಕೂತು
ನಾನು ಬಾಯಿ ಬಿಡುವುದಿಲ್ಲ.