ಕಾಫಿ ಚರಟದ ಬಣ್ಣ

ಈ ಗಾರ್ಡೆನಾ ಕಣಿವೆಯ ಶಿಶುವಿಹಾರದಲ್ಲಿ
ಮಾತಿಗೊಂದು ಬಣ್ಣ.
ಲಾದಿನ್ ಹಸಿರು, ಜರ್ಮನ್ ಕೆಂಪು, ಇಟಾಲಿಯನ್ ಹಳದಿ.
ಹಸಿರು ಟೊಪ್ಪಿಗೆಯ ಗೊಂಬೆ ಬುಟ್ಟಿಯಿಂದೆದ್ದರೆ
ಮಕ್ಕಳೆಲ್ಲ ಹಸಿರಿಗೆ ಹೊರಳುತ್ತಾರೆ,
ಕೆಂಪು ಟೊಪ್ಪಿಗೆಗೆ ಕೆಂಪು.
ಮಡಿಯಿಂದ ಮಡಿಗೆ ನೀರು ತಿರುವಿದಷ್ಟು ಸಲೀಸು.

ನಮ್ಮ ತೆಯುತಾ, ಆಗ ನಾಲ್ಕು ವರ್ಷ,
ಸಂಜೆ ಬೂಟು ಬಿಚ್ಚುತ್ತ ಕೇಳಿದಳು:
"ಅಮ್ಮಾ, ನಮ್ಮದು ಯಾವ ಬಣ್ಣ?"

ಹೋಟೆಲಿನ ಹದಿನೇಳು ಕೋಣೆ ಗುಡಿಸಿ
ಮೂವತ್ತನಾಲ್ಕು ದಿಂಬಿಗೆ ಗವಸು ತೊಡಿಸಿ ಬಂದಿದ್ದೆ.
ನಮ್ಮ ಅಲ್ಬೇನಿಯನ್ನಿಗೆ ಬಣ್ಣವೂ ಇರಬಹುದೆಂದು
ಯಾರೂ ಹೇಳಿರಲಿಲ್ಲ.
ಕುಡಿದಿಟ್ಟ ಕಾಫಿ ಬಟ್ಟಲಿನ ತಳ ತೋರಿಸಿ
"ಇಕೋ, ಇದು" ಎಂದೆ,
ಸುಮ್ಮನೆ, ಬಾಯಿಗೆ ಬಂದದ್ದು.

ಮರುದಿನ ಆ ಚರಟವನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ
ಒಯ್ದಿದ್ದಾಳೆ, ನನಗೆ ಗೊತ್ತೇ ಇಲ್ಲ!
ಗಿಟ್ಟಾ ಟೀಚರು ನಗಲಿಲ್ಲವಂತೆ.
ಬೆರಳಲ್ಲಿ ಬಿಳಿ ಹಾಳೆಗೆ ಉಜ್ಜಿ
ಗೋಡೆಗೆ ಅಂಟಿಸಿದರಂತೆ, ಆ ಮೂರರ ಪಕ್ಕ.
ನನಗೊಂದು ಚೀಟಿ ಬಂತು:
"ಶುಕ್ರವಾರ ಬಿಡುವಿದ್ದರೆ ಬನ್ನಿ,
ನಿಮ್ಮ ಬಣ್ಣದಲ್ಲಿ ಕತೆ ಹೇಳಿ.
ಅರ್ಥವಾಗದ್ದನ್ನೂ ಮಕ್ಕಳು ಕೇಳಬಲ್ಲರು."

ಗಂಡ ಲುಲ್ಜಿಮ್ ಗೊಣಗಿದ: "ಮೂರೇ ಸಾಕು,
ಕೂಸಿನ ತಲೆ ಎಷ್ಟು ಹೊತ್ತೀತು?"
ತಲೆಯೇನು ಗೋಣಿಚೀಲವೇ, ತುಂಬಿದರೆ ಹರಿಯಲು?
ಹೋದೆ. ಶ್ಕೊದ್ರದ ನನ್ನಜ್ಜಿಯ ನರಿ, ಬಾಲ ಸುಟ್ಟುಕೊಂಡದ್ದು.
ಹದಿನಾರು ಜೊತೆ ಕಣ್ಣು.
ಬಾಲಕ್ಕೆ ಕಿಡಿ ತಾಗಿದಾಗ ಎಲ್ಲರೂ ಕಿರುಚಿದರು,
ಸರಿಯಾದ ಜಾಗದಲ್ಲೇ.

*

ಆದರೆ ಮಕ್ಕಳಿಗೆ ಹದಿಮೂರಾಗುತ್ತದೆ.
ಬಸ್ ನಿಲ್ದಾಣದಲ್ಲಿ ಗೆಳತಿಯರ ನಡುವೆ
ನಾನು ಕೂಗಿದರೆ ತಲೆಯೆತ್ತುವುದಿಲ್ಲ.
ಹತ್ತಿರ ಬಂದು ಹಲ್ಲು ಕಚ್ಚಿ: "ಹೊರಗೆ ಹಳದಿಯಲ್ಲಿ ಮಾತಾಡಮ್ಮ."
ನನ್ನ ಹಳದಿಯೋ, ಕುಂಟುತ್ತದೆ,
ಕ್ರಿಯಾಪದದ ಮೆಟ್ಟಿಲಿಗೊಮ್ಮೆ ಎಡವುತ್ತದೆ.
ಅದಕ್ಕೂ ಅವಳಿಗೆ ನಾಚಿಕೆ.
ಮಾತು ಬಲ್ಲವರಿಗೆ ಜಗಳವಿಲ್ಲವಂತೆ!
ನಾಲ್ಕು ಬಲ್ಲವಳಿಗೆ ನಾಲ್ಕು ಪಟ್ಟು ಜಗಳ.
ಬಾಗಿಲು ಬಡಿಯುವುದು ಜರ್ಮನ್ನಿನಲ್ಲಿ,
ತಮ್ಮನನ್ನು ಬೈಯುವುದು ಲಾದಿನ್ನಿನಲ್ಲಿ.
ಅಳುವುದು ಮಾತ್ರ ನಮ್ಮದರಲ್ಲಿ,
ದಿಂಬಿನೊಳಗಿಂದ ಕೇಳಿಸಿಕೊಂಡಿದ್ದೇನೆ.

ಒಂದು ಬೆಳಗ್ಗೆ ಅದೇ ನಿಲ್ದಾಣದಲ್ಲಿ
ಕೆಳಮನೆಯ ವಿಜಿಲ್, ತೊಂಬತ್ತು ದಾಟಿದವನು,
ಮರದಲ್ಲಿ ಸಂತರನ್ನು ಕೆತ್ತಿ ಕೆತ್ತಿ
ಬೆರಳೆಲ್ಲ ಗಂಟುಗಟ್ಟಿದವನು,
ನಮ್ಮ ಜಗಳ ಕೇಳಿ, ಅವಳ ಕಡೆ ತಿರುಗಿ
ಹಸಿರಿನಲ್ಲಿ ಏನೋ ಅಂದ.
ನನಗೆ ತಿಳಿಯಲಿಲ್ಲ. ಬಸ್ಸು ಬಂತು.

ರಾತ್ರಿ ತಟ್ಟೆ ಒರೆಸುತ್ತ
ತಾನಾಗೇ ನಮ್ಮ ಮಾತಿಗೆ ತಿರುವಿ ಹೇಳಿದಳು:
"ಅವನ ಶಾಲೆಯಲ್ಲಿ ಒಂದೇ ಬಣ್ಣದ ಸೀಮೆಸುಣ್ಣವಂತೆ.
ಬಾಯಿ ತಪ್ಪಿ ಮನೆಮಾತು ಬಿದ್ದರೆ
ಕೈ ಚಾಚಬೇಕಂತೆ ಬೆತ್ತಕ್ಕೆ.
ಅದಕ್ಕೇ ಗುಡ್ಡ ಹತ್ತಿ ತನ್ನ ಮಾತನ್ನೆಲ್ಲ
ಹೇಳುತ್ತಿದ್ದನಂತೆ, ಆ..."
ತಡೆದಳು. "ಅದೇ, ಉಣ್ಣೆ ಇರುತ್ತಲ್ಲ..."
"ಡೆಲೆ" ಎಂದೆ. ಕುರಿ.
"ಹಾಂ, ಡೆಲೆ. ಕುರಿಗಳಿಗೆ. ಉತ್ತರವೇ ಬರುತ್ತಿರಲಿಲ್ಲವಂತೆ."
ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು.

ಮರುದಿನ ನಿಲ್ದಾಣದಲ್ಲಿ ತಲೆಯೆತ್ತಿದಳೇ?
ಇಲ್ಲ.

*

ಇವತ್ತು ಈ ವರ್ಷದ ಮೊದಲ ಹಿಮ.
ಕಿರಿಯವನು ಗೆಂತ್, ಕಿಟಕಿಗೆ ಮೂಗೊತ್ತಿ
ಪಾಠ ಒಪ್ಪಿಸುತ್ತಿದ್ದಾನೆ:
ನೆಯ್ಫ್. ಶ್ನೇ. ನೇವೆ.
ಅಲ್ಲಿಗೆ ನಿಂತು ನನ್ನ ಮುಖ ನೋಡುತ್ತಾನೆ.

ನಾನು ಬಾಯಿ ತೆರೆಯುವ ಮೊದಲೇ
ಒಳಕೋಣೆಯಿಂದ, ಕಿವಿಗೆ ಸಿಕ್ಕಿಸಿದ ಹಾಡು ತೆಗೆಯದೆಯೇ,
ಸಿಡುಕಿನ ದನಿ:
"ಬೋರ! ಎಷ್ಟು ಸಲವೋ ಹೇಳೋದು ನಿಂಗೆ. ಬೋರ."