ಒಂದು ಗೇಣು

ನವೆಂಬರಿನಲ್ಲಿ ಕಾರಾವಾಂಕೆನ್ ಬೆಟ್ಟದ ನೆರಳು
ಮಧ್ಯಾಹ್ನ ಎರಡಕ್ಕೇ ಫೆರ್ಲಾಖಿನ ಬೀದಿಗೆ ಇಳಿದುಬಿಡುತ್ತದೆ.
ಆ ಹೊತ್ತಿಗೇ ಬಂದ ಫ್ಲೋರಿಯಾನ್ ಚೆರ್ನಿಟ್ಸ್,
ಶಾಲೆಯಲ್ಲಿ ನನ್ನಣ್ಣನ ಬೆಂಚಿನವ,
ರೈಲ್ವೆಯಲ್ಲಿ ಹಳಿ ಬದಲಿಸಿ ಬದಲಿಸಿ ಈಗ ಎಪ್ಪತ್ತೆರಡು.
ಹೆಗಲ ಮೇಲೆ, ಕಂಬಳಿ ಸುತ್ತಿದ ಅಪ್ಪನ ಕೋವಿ.

"ಹೆಮ್ಮಾ, ಮೊದಲ ಗುಂಡು ಹೇಳಿದ ಮಾತು ಕೇಳುತ್ತದೆ.
ಎರಡನೆಯದು ಯೋಚನೆ ಮಾಡುತ್ತದೆ.
ಮೂರನೆಯದು ಬಲಕ್ಕೆ, ಮೇಲಕ್ಕೆ, ತನ್ನ ಪಾಡಿಗೆ.
ಇನ್ನೂ ಉದ್ದದ ನಳಿಗೆ ಹಾಕಿಕೊಡು,
ಉದ್ದವಾದಷ್ಟೂ ನೇರ, ಅಲ್ಲವೇನು?"

ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ.
ನಳಿಗೆ ಬಿಚ್ಚಿ ಕಿಟಕಿಗೆ ಹಿಡಿದು ಒಳಗೆ ನೋಡಿದೆ:
ಬೆಳಕಿನ ಉಂಗುರ, ಉಂಗುರದೊಳಗೆ ಉಂಗುರ,
ಒಂದೂ ಸೊಟ್ಟಗಿಲ್ಲ. ನೇರವೇನೋ ನೇರವೇ.
ದಾರಕ್ಕೆ ತೂಗುಬಿಟ್ಟು ಸುತ್ತಿಗೆಯ ಹಿಡಿಯಿಂದ ತಟ್ಟಿದೆ.
ಅದು ಗುಂಯ್ ಅಂತು, ಅನ್ನುತ್ತಲೇ ಇತ್ತು,
ಫ್ಲೋರಿಯಾನ್ ಟೋಪಿ ತೆಗೆದು ಮೊಳೆಗೆ ಹಾಕುವ ತನಕ.
ಮೂಲೆಯಲ್ಲಿದ್ದ ಗಿಡ್ಡ, ದಪ್ಪ, ಪಂದ್ಯದ ನಳಿಗೆಗೂ ಒಂದು ಏಟು.
ಟಿಣ್ ಅಂದು ಬಾಯಿ ಮುಚ್ಚಿಕೊಂಡಿತು.

"ಕೇಳಿಸಿತೇ? ನಾವು ಅಳೆಯುವುದು ಮಲಗಿರುವ ಕಬ್ಬಿಣವನ್ನು.
ಮದ್ದು ಹೊತ್ತಿತೋ, ಬುಡದಿಂದ ತುದಿಗೆ ನಡುಕ ಓಡುತ್ತದೆ,
ಗುಂಡಿಗಿಂತ ಬೇಗ.
ಗುಂಡು ಹೊಸ್ತಿಲು ದಾಟುವ ಕ್ಷಣ
ಹೊಸ್ತಿಲೇ ಎತ್ತ ವಾಲಿದೆಯೋ ಅತ್ತಲೇ ಗುಂಡಿನ ದಾರಿ.
ಉದ್ದ ಕೊಡುವುದು ವೇಗ. ಮಾತಿಗೆ ತಪ್ಪದಂತೆ ಕಾಯುವುದು ಬಿಗಿ.
ದ್ರಾವಾ ನದಿಯಲ್ಲಿ ನೀನು ಗಾಳ ಹಾಕುವ ಕೋಲು ನೆನಪು ಮಾಡಿಕೋ.
ಉದ್ದ ಎರಡರಷ್ಟಾದರೆ ಬಿಗಿ ಎಂಟರಲ್ಲೊಂದು ಪಾಲು,
ದಪ್ಪ ಎರಡರಷ್ಟಾದರೆ ಹದಿನಾರು ಪಟ್ಟು.
ಈ ಲೆಕ್ಕ ನನ್ನದಲ್ಲ, ಕಬ್ಬಿಣದ್ದು.
ಕಾದರಂತೂ ನಿನ್ನ ಈ ಸಣಕಲು ಇನ್ನಷ್ಟು ಸೊರಗಿ ಬಳುಕುತ್ತದೆ."

"ದಪ್ಪದ್ದೇ ಹಾಕಿದರೆ?"
"ಹೊರುವವರು ಯಾರು?"
ತನ್ನ ಮೊಣಕಾಲು ನೋಡಿಕೊಂಡ.
ಆಮೇಲೆ ಸೀಮೆಸುಣ್ಣ ತೆಗೆದುಕೊಂಡು
ತುದಿಯಿಂದ ಒಂದು ಗೇಣು, ತನ್ನದೇ ಗೇಣು, ಇಟ್ಟು
ಗೆರೆ ಎಳೆದ. "ಕತ್ತರಿಸು."

ಕತ್ತರಿಸುವುದು ನಾಲ್ಕು ನಿಮಿಷದ ಕೆಲಸ.
ಹೊಸ ಬಾಯಿಯ ಅಂಚು ತಿದ್ದುವುದಕ್ಕೆ ಮಾರನೆಯ ದಿನವೆಲ್ಲ ಹಿಡಿಯಿತು,
ಅಲ್ಲೊಂದು ಕೂದಲಷ್ಟು ಚಕ್ಕೆ ಉಳಿದರೂ
ಗುಂಡು ಮುನಿಸಿಕೊಂಡೇ ಹೊರಡುತ್ತದೆ.

ಕಾರ್ಯಾಗಾರದ ಕೆಳಗಿನ ಸುರಂಗ, ನೂರು ಮೀಟರು.
ಮರಳಚೀಲದ ಮೇಲಿಟ್ಟು ನಾನೇ ಹೊಡೆದೆ:
ಐದು ತೂತು, ಒಂದು ನಾಣ್ಯ ಮುಚ್ಚುವಷ್ಟು ಜಾಗದಲ್ಲಿ.
ವೇಗ ಸ್ವಲ್ಪ ತಗ್ಗಿದೆ, ಸದ್ದು ಮಾತ್ರ ಎದೆಗೇ ಗುದ್ದುತ್ತದೆ.
ಅವನು ಹೆಗಲಿಗೇರಿಸಿ ನಿಂತು ಹೊಡೆದ.
ಕಾಗದದ ತುಂಬ ಚದುರಿತು, ಮೊದಲಿಗಿಂತ ಒಂದು ಕೈ ಜಾಸ್ತಿಯೇ.

ಇದನ್ನು ಮುಂಚೆಯೇ ಹೇಳಬೇಕಿತ್ತು ನಾನು. ಹೇಳಲಿಲ್ಲ.
ಹಿಂದಿನ ಕಚ್ಚು, ಮುಂದಿನ ಕಾಳು ಹತ್ತಿರವಾದರೆ
ಕಣ್ಣಿನ ಎಳ್ಳಷ್ಟು ತಪ್ಪು ಅಲ್ಲಿಗೆ ಮುಟ್ಟುವಾಗ ಕುಂಬಳಕಾಯಿ.
ಉದ್ದಕ್ಕೆ ಅದೊಂದು ಉಪಕಾರ ಇತ್ತು.

ಅವನು ನಕ್ಕ. "ಅಂದರೆ ಇಷ್ಟು ವರ್ಷ
ಬೈಸಿಕೊಂಡದ್ದು ಇದು, ನಡುಗಿದ್ದು ನಾನು."
"ಇಬ್ಬರೂ" ಅಂದೆ.

ಕೋವಿಯನ್ನು ನೆಲಕ್ಕೂರಿ ಪಕ್ಕದಲ್ಲಿ ನೆಟ್ಟಗೆ ನಿಂತುಕೊಂಡ,
ಯಾರೋ ಫೋಟೊ ತೆಗೆಯುತ್ತಾರೆ ಅನ್ನುವ ಹಾಗೆ.
"ಪ್ರತಿ ಸಂತ ಮಾರ್ಟಿನನ ಹಬ್ಬಕ್ಕೆ
ಅಪ್ಪ ಇದರ ಪಕ್ಕ ನಿಲ್ಲಿಸಿ ನನ್ನನ್ನು ಅಳೆಯುತ್ತಿದ್ದ.
ಏಳನೆಯ ವರ್ಷ ಮೂತಿಗಿಂತ ಒಂದು ಬೆರಳು ಮೇಲಾದೆ.
ಬಾತುಕೋಳಿಯ ತೊಡೆ ಆವತ್ತು ನನ್ನ ತಟ್ಟೆಗೆ."
ಕೋವಿಯ ಹೊಸ ಮೂತಿಯ ಮೇಲೆ ಅಂಗೈ ಇಟ್ಟ.
"ನೋಡು, ಎಪ್ಪತ್ತೆರಡಕ್ಕೆ ಇನ್ನೊಂದು ಗೇಣು ಬೆಳೆದೆ."

ಕಸದ ಡಬ್ಬಿಯಿಂದ ಆ ತುಂಡನ್ನು ತಾನೇ ಹೆಕ್ಕಿ
ಕೋಟಿನ ಜೇಬಿಗಿಳಿಸಿದ, ಅರ್ಧ ಹೊರಗೇ ಉಳಿಯಿತು.
ಬಾಗಿಲಲ್ಲಿ ನಿಂತು ಅದನ್ನೇ ತೆಗೆದು ಕಣ್ಣಿಗೆ ಹಿಡಿದ,
ಬೆಟ್ಟದ ಕಡೆಗೆ.

"ಏನು ಕಾಣುತ್ತದೆ?"
"ಉಂಗುರ" ಅಂದ. "ಕೊನೆಯಲ್ಲಿ ಒಂದಿಷ್ಟು ಹಿಮ."