ಏಳನೇ ನಂಬರ್

ಜುಬೈಲಿನಲ್ಲಿ ಶಟ್‌ಡೌನ್ ಅಂದರೆ
ನಲವತ್ತು ದಿನ ಪ್ಲಾಂಟಿಗೆ ನಿದ್ದೆ, ನಮಗಿಲ್ಲ.
ಬೆಳಗಿನ ನಾಲ್ಕೂವರೆಗೆ ನನ್ನ ಸ್ಟೋರಿನ ಕಿಟಕಿಗೆ
ಮೊದಲು ಕೈಗಳು ಬರುತ್ತವೆ, ಮುಖ ಆಮೇಲೆ.
ಹೆಲ್ಮೆಟ್ಟು, ಕನ್ನಡಕ, ಬೂಟು, ಬೆಲ್ಟು,
ಗ್ಲೌಸು ಒಂದು ಜೊತೆ. ಸಹಿ ಹಾಕು. ಮುಂದೆ.

ಗ್ಲೌಸು ಬಂದದ್ದು ಒಂದೇ ಅಳತೆ, ಹತ್ತನೇ ನಂಬರ್.
ಆರ್ಡರ್ ಹಾಕಿದವನ ಕೈ ಅಷ್ಟು ದೊಡ್ಡದಿರಬೇಕು,
ಇಲ್ಲಾ, ಅವನು ಕೈಯನ್ನೇ ನೋಡಿರಲಿಕ್ಕಿಲ್ಲ.

ಹುಲಿಗೆಪ್ಪ ಕುಷ್ಟಗಿ ಕಡೆಯವನು,
ಕಾಲಿಂಚಿನ ಟ್ಯೂಬಿಗೆ ನಟ್ಟು ಕೂರಿಸುವ ಕೆಲಸ.
ಅವನ ಗೇಣು ನನ್ನ ಗೇಣಿಗಿಂತ ಎರಡು ಬೆರಳು ಕಮ್ಮಿ.
ಬೆರಳು ಮುಗಿದ ಮೇಲೂ ಗ್ಲೌಸು ಮುಗಿಯುತ್ತಿರಲಿಲ್ಲ,
ಆಡಿನ ಮರಿಯ ಕಿವಿಯಂತೆ ಜೋತಾಡುತ್ತಿತ್ತು.
ಆ ಖಾಲಿ ತುದಿಯಲ್ಲಿ ಅವನು ನಟ್ಟು ಹಿಡಿಯಬೇಕು,
ಮೂವತ್ತು ಮೀಟರ್ ಮೇಲೆ, ಸಮುದ್ರದ ಗಾಳಿಯಲ್ಲಿ.

"ಇದು ಗ್ಲೌಸ್ ಅಲ್ರೀ ಸಾಬ್ರ, ಜ್ವಾಳದ ಚೀಲ."
ನಾನು ನಕ್ಕೆ. ಮುಂದೆ, ಅಂದೆ.
ನಗುವುದು ಸುಲಭ, ಸ್ಟೋರಿಗೆ ಏಸಿ ಇದೆ.

ಮೊದಲ ವಾರ ಫೋರ್‌ಮನ್ ಬರೆದ: ನಿಧಾನ.
ಎರಡನೇ ವಾರ: ತುಂಬಾ ನಿಧಾನ.
ಜೊತೆಯ ರೊಮೆಲ್ ಹನ್ನೆರಡು ಜಾಯಿಂಟು ಮುಗಿಸುವಷ್ಟರಲ್ಲಿ
ಇವನದು ಐದು.
ರೊಮೆಲನ ಕೈ ಹತ್ತನೇ ನಂಬರಿನದು.
ಯಾರೂ ಬರೆದುಕೊಳ್ಳಲಿಲ್ಲ,
ಆ ಶೀಟಿನಲ್ಲಿ ಕೈಗೊಂದು ಕಾಲಂ ಇಲ್ಲ.

ಒಂದು ದಿನ ಕಂಬದ ಮರೆಯಲ್ಲಿ ಗ್ಲೌಸು ಕಳಚಿದ.
ಐದು ನಿಮಿಷಕ್ಕೆ ಮೂರು ನಟ್ಟು ಕೂತವು,
ಆರನೇ ನಿಮಿಷಕ್ಕೆ ಸೇಫ್ಟಿಯವನು ಬಂದ.
ಹಳದಿ ಚೀಟಿ, ಎರಡು ದಿನದ ಸಂಬಳ.
ಹನ್ನೊಂದು ಗಂಟೆಯ ಉಕ್ಕು ಅವನ ಹೆಬ್ಬೆರಳಿಗೆ
ಬೇರೆಯೇ ಒಂದು ಸಹಿ ಹಾಕಿತ್ತು,
ಅದು ಚೀಟಿಗೆ ಬರಲಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದರು ಹಿರಿಯರು.
ಬೂಟು ಇದ್ದಷ್ಟು ಕಾಲು ಬೆಳೆಸು ಅಂದದ್ದು ಕಂಪನಿ.
ನಾನೂ ಹೆಲ್ಪರ್ ಆಗಿ ಬಂದವನೇ. ಉಳ್ಳಾಲದ ಇದಿನಬ್ಬ,
ಎರಡು ನಂಬರ್ ದೊಡ್ಡ ಬೂಟಿಗೆ
ಅರಬಿ ಪತ್ರಿಕೆ ಮಡಚಿ ತುರುಕಿದವನು,
ಅಲ್ಲಾಹನ ಹೆಸರಿದ್ದ ಸಾಲುಗಳನ್ನು ಮೊದಲು
ಹುಡುಕಿ ಹರಿದು, ಜೇಬಿಗೆ ಹಾಕಿಕೊಂಡು.
ಒಂದು ವರ್ಷ ಬಾತುಕೋಳಿಯಂತೆ ನಡೆದೆ.
ಸೋಮಾರಿ ಅಂತ ನನ್ನನ್ನೂ ಯಾರೋ ಬರೆದಿರುತ್ತಾರೆ.

ರಾತ್ರಿ ರ‍್ಯಾಕಿನ ಬುಡ ಜಾಲಾಡಿದೆ.
ಲ್ಯಾಬಿನ ಹೆಂಗಸರಿಗೆಂದು ತರಿಸಿ,
ಅವರು ಬರದೆ ಹಾಗೇ ಧೂಳು ತಿಂದ ಡಬ್ಬ:
ಏಳನೇ ನಂಬರ್, ಇಪ್ಪತ್ತು ಜೊತೆ.
ರಿಜಿಸ್ಟರಿನಲ್ಲಿ ಹತ್ತು ಎಂದೇ ಬರೆದೆ. ಸುಳ್ಳು.

ಹುಲಿಗೆಪ್ಪ ಹಾಕಿಕೊಂಡ, ಬೆರಳು ಮಡಚಿದ, ಬಿಚ್ಚಿದ,
ಕೌಂಟರಿನಿಂದ ನನ್ನ ಗುಂಡುಸೂಜಿಯೊಂದನ್ನು ಎತ್ತಿ
ಮತ್ತೆ ಅಲ್ಲೇ ಇಟ್ಟ.
ಏನೂ ಅನ್ನದೆ ಹೋದ.
ಆ ವಾರ ಶೀಟಿನಲ್ಲಿ: ಹುಡುಗ ಕೆಲಸ ಕಲಿತ.

ಕಲಿತದ್ದು ಯಾರು ಅಂತ ಕೇಳಲಿಲ್ಲ ನಾನು.
ಉಳಿದದ್ದು ಆರು ಜೊತೆ, ಶಟ್‌ಡೌನ್ ಹದಿನೈದು ದಿನ.
ಅವನು ತೊಳೆದು, ಕ್ಯಾಂಪಿನ ತಂತಿಗೆ ಹಾಕುತ್ತಾನಂತೆ.

ಇವತ್ತು ಕ್ಯೂ ಗೇಟಿನವರೆಗೆ.
ಮುಂದೆ ಅನ್ನುವ ಮೊದಲು
ಕಿಟಕಿಯಾಚೆ ನನ್ನ ಅಂಗೈ ಚಾಚಿದೆ.
ಇಡು ಇದರ ಮೇಲೆ, ಅಂದೆ, ನೋಡೋಣ ಎಷ್ಟು.
ಬಿಸಿ ಕೈ, ಒರಟು ಕೈ, ಒಂದು ಬೆರಳಿಲ್ಲದ ಕೈ.
ಹಿಂದಿನಿಂದ ಯಾರೋ ಕೂಗಿದರು:
"ಏನು ಇದಿನಬ್ಬಾಕ, ನಿಕಾಹ್ ಮಾಡಿಸ್ತಿದ್ದೀರಾ?
ಬಸ್ಸು ಹೊರಟಿತು!"